ರೊಮೇನಿಯಾ ಬೀಚಲ್ಲಿ ಖಾರದ ‘ಕರ್ಜಿಕಾಯಿ’! ಇದು ಬಂದದ್ದೆಲ್ಲಿಂದ?

[ದೃಶ್ಯ: ಸಮುದ್ರದ ದಡ, ಕುದಿಯುವ ಎಣ್ಣೆ]

ರೊಮೇನಿಯಾದ ಕಪ್ಪು ಸಮುದ್ರದ ತೀರದಲ್ಲಿ ಬಿಸಿಬಿಸಿ ಶುಬೆರೆಕ್ ಮಾರ್ತಾರೆ. ನೋಡೋಕೆ ನಮ್ಮ ಕರ್ಜಿಕಾಯಿಯ ದೊಡ್ಡಣ್ಣ. ಒಳಗೆ ಮಾತ್ರ ಕೊಬ್ಬರಿ ಅಲ್ಲ, ಖೀಮಾ. ಅದೂ ಹಸಿಯಾಗೇ ತುಂಬೋದು! ಇದು ಟಾಟರರ, ಅಂದ್ರೆ ತುರ್ಕಿ ಭಾಷಾ ಬಳಗದ ಮುಸ್ಲಿಂ ಜನರ ತಿಂಡಿ. ಇದಕ್ಕೆ ಅಲ್ಲೇನು ಕೆಲಸ?

[ನಕ್ಷೆ]

ಡ್ಯಾನ್ಯೂಬ್ ನದಿಗೂ ಕಪ್ಪು ಸಮುದ್ರಕ್ಕೂ ನಡುವಿನ ಸೀಮೆ ಡೊಬ್ರುಜಾ. ನಾನೂರಕ್ಕೂ ಹೆಚ್ಚು ವರ್ಷ ತುರ್ಕಿಯ ಆಟೊಮನ್ ಸಾಮ್ರಾಜ್ಯದ ಗಡಿನಾಡು. 1783ರಲ್ಲಿ ರಷ್ಯಾ ಕಪ್ಪು ಸಮುದ್ರದ ಉತ್ತರದ ಕ್ರೈಮಿಯಾವನ್ನು ನುಂಗಿದ ಮೇಲೆ ಅಲ್ಲಿನ ಟಾಟರರು ಇತ್ತ ಗುಳೆ ಬಂದರು. 1853–56ರ ಕ್ರೈಮಿಯಾ ಯುದ್ಧದ ನಂತರ ಇನ್ನೂ ದೊಡ್ಡ ಗುಂಪು. ಅವರಿಗಾಗಿ ಆಟೊಮನ್ ಸುಲ್ತಾನ್ ಅಬ್ದುಲ್ ಮಜೀದ್ ಹೆಸರಲ್ಲಿ ಒಂದು ಊರೇ ಎದ್ದಿತು, ಇವತ್ತಿನ ಮೆಡ್ಜಿದಿಯಾ. 1878ರಲ್ಲಿ ಉತ್ತರ ಡೊಬ್ರುಜಾ ರೊಮೇನಿಯಾ ಪಾಲಾಯಿತು. ಎಷ್ಟೋ ಜನ ತುರ್ಕಿಗೆ ಹೊರಟರು, ಉಳಿದವರ ಬಾಣಲೆ ಒಲೆ ಮೇಲೇ ಇತ್ತು.

[ದೃಶ್ಯ: ಲಟ್ಟಣಿಗೆ]

ಈಗ ಮುಖ್ಯ ವಿಷಯ. ಮೈದಾ, ಉಪ್ಪು, ನೀರು ಅಷ್ಟೇ. ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಅರ್ಧ ಕಿಲೋ ಖೀಮಾಗೆ ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ, ಜೊತೆಗೆ ಸುಮಾರು 100 ಮಿ.ಲೀ. ನೀರು. ಹೌದು, ನೀರು! ಮಾಂಸವನ್ನು ಒಳಗಿನಿಂದ ಬೇಯಿಸೋದು ಅದರ ಹಬೆಯೇ. ಹಪ್ಪಳದಷ್ಟು ತೆಳುವಾಗಿ ಲಟ್ಟಿಸಿ, ಅರ್ಧಕ್ಕೆ ಮಾತ್ರ ಖೀಮಾ ಸವರಿ, ಮಡಚಿ, ಗಾಳಿ ಹೊರಗೊತ್ತಿ ಅಂಚು ಮುಚ್ಚಿ. ಕರ್ಜಿಕಾಯಿ ಅಂಚು ಕತ್ತರಿಸೋ ಚಕ್ರ ಮನೇಲಿದ್ದರೆ ಅರ್ಧ ಟಾಟರ್ ಆದಂತೆ.

ಕೆಡೋದು ಎಲ್ಲಿ? ಆಸೆಗೆ ಬಿದ್ದು ದಪ್ಪಗೆ ತುಂಬಿದರೆ ಹೊರಗೆ ಕೆಂಪಗಾದರೂ ಒಳಗೆ ಹಸಿ. ಅಂಚು ಬಿಟ್ಟುಕೊಂಡರೆ ರಸ ಎಣ್ಣೆಗೆ ಇಳಿದು ಸಿಡಿಯುತ್ತೆ, ಹುಷಾರು. ಎಲ್ಲ ಮಡಚಿಟ್ಟು ಆಮೇಲೆ ಕರಿಯೋಣ ಅಂದ್ರೆ ಹಿಟ್ಟು ನೆನೆದು ಹರಿಯುತ್ತೆ. ಒಂದು ಮಡಚಿ, ಒಂದು ಕರಿಯಿರಿ. 180 ಡಿಗ್ರಿ ಎಣ್ಣೆಯಲ್ಲಿ ಪ್ರತಿ ಬದಿಗೆ ಎರಡು ನಿಮಿಷ. ತಿನ್ನುವಾಗ ಮೂಲೆ ಮೊದಲು ಕಚ್ಚಿ, ಇಲ್ಲಾಂದ್ರೆ ರಸವೆಲ್ಲ ಅಂಗಿ ಮೇಲೆ.

ಸಮಯ ಮುಗೀತಾ ಬಂತು, ಉಳಿದದ್ದು ಓಟದಲ್ಲಿ. ಡೊಬ್ರುಜಾದ ಬಾಬಾದಾಗ್ ಊರಲ್ಲಿ ಸಾರಿ ಸಾಲ್ತುಕ್ ಎಂಬ ಮುಸ್ಲಿಂ ಸಂತರ ಗೋರಿ ಇದೆ. ಅಲ್ಲಿನ ಬಂದರು ನಗರ ಕಾನ್‌ಸ್ಟಾಂಟಾದ ದೊಡ್ಡ ಮಸೀದಿ 1913ರದ್ದು, ಕಟ್ಟಿಸಿದ್ದು ರೊಮೇನಿಯಾದ ಕ್ರೈಸ್ತ ರಾಜ ಮೊದಲನೇ ಕರೋಲ್. ಮಿನಾರಿಗೆ 140 ಮೆಟ್ಟಿಲು. ಒಳಗಿನ ಭಾರೀ ರತ್ನಗಂಬಳಿ ಬಂದದ್ದು ಡ್ಯಾನ್ಯೂಬ್‌ನ ಅದಾ ಕಾಲೆ ದ್ವೀಪದಿಂದ. ತುರ್ಕರೇ ತುಂಬಿದ್ದ ಆ ದ್ವೀಪ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿಹೋಯಿತು. ಉತ್ತರ ಡೊಬ್ರುಜಾವನ್ನು ರೊಮೇನಿಯಾಕ್ಕೆ ಕೊಟ್ಟ 1878ರ ಬರ್ಲಿನ್ ಒಪ್ಪಂದ ಬರೆದವರು ಅದನ್ನು ಯಾರಿಗೆ ಕೊಡೋದು ಅಂತ ಬರೆಯೋದನ್ನೇ ಮರೆತಿದ್ದರು! ಅದು ಇನ್ನೊಂದು ವಿಡಿಯೋ.