ಮೊಸರಿಗಿಂತ ಮೊದಲು ರೊಟ್ಟಿ

ಕೇಳುಗರಿಗೆಲ್ಲ ನಮಸ್ಕಾರ.

ಬಾದಾಮಿ ಹತ್ತಿರದ ಬನಶಂಕರಿಗೆ ಹೋದವರಿಗೆ ಈ ದೃಶ್ಯ ಗೊತ್ತೇ ಇರುತ್ತದೆ. ದೇವಿಯ ದರ್ಶನ ಮುಗಿಸಿ ಹೊಂಡದ ಕಡೆ ಬಂದರೆ ಸಾಕು, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕರೆಯುತ್ತಾರೆ. ‘ರೊಟ್ಟಿ ಉಣ್ಣಬರ್ರೀ, ಮೊಸರು ಐತ್ರೀ.’ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಖಾರ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು.

ಹೋದ ಸಲ ಅಕ್ಕನ ಮಗನೂ ಜೊತೆಗಿದ್ದ. ಬೆಂಗಳೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವ ಹುಡುಗ. ಕುಡಿಕೆ ಕೈಗೆ ಬಂದ ಕೂಡಲೇ, ‘ಮಾಮಾ, ಇದರಾಗೂ ಪ್ರೋಬಯಾಟಿಕ್ ಇರತೈತೇನು? ನಾ ಅಲ್ಲಿ ಗುಳಿಗಿ ತಗೋತೀನಿ’ ಅಂದ. ಪ್ರೋಬಯಾಟಿಕ್ ಅಂದರೆ ಹೊಟ್ಟೆಗೆ ಒಳ್ಳೆಯದಾಗಲಿ ಎಂದು ಸೇವಿಸುವ ಜೀವಂತ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಬ್ಯಾಕ್ಟೀರಿಯಾ. ಮೊಸರು ಅಷ್ಟೂ ಬಳಿದು ತಿಂದ. ರೊಟ್ಟಿ ಅರ್ಧ ಬಿಟ್ಟ. ನಾನು ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದವನು. ಸುಮ್ನೆ ಇರಲು ಆಗಲಿಲ್ಲ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇದು 2016ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕ. ಅದಕ್ಕೂ ಮೊದಲು ‘ನಮ್ಮ ಕೋಶ ಒಂದಾದರೆ ಬ್ಯಾಕ್ಟೀರಿಯಾ ಹತ್ತು’ ಎನ್ನುತ್ತಿದ್ದರು. ನಾನೂ ಕ್ಲಾಸಿನಲ್ಲಿ ಹಾಗೇ ಹೇಳಿದ್ದೇನೆ. ಆ ಮಕ್ಕಳು ಈಗ ಕೇಳುತ್ತಿದ್ದರೆ ತಿದ್ದಿಕೊಳ್ಳಲಿ. ಈ ಬ್ಯಾಕ್ಟೀರಿಯಾಗಳನ್ನೆಲ್ಲ ಸೇರಿಸಿ ತೂಗಿದರೆ 200 ಗ್ರಾಂ ಆಸುಪಾಸು. ಪಾವ್ ಕಿಲೋ ಕೂಡ ಇಲ್ಲ.

ಇವುಗಳಲ್ಲಿ ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿಗೆ ಹೋಗಿ ಮುಟ್ಟುವುದು ನಮಗೆ ಅರಗದೆ ಉಳಿದದ್ದು, ಅಂದರೆ ಮುಖ್ಯವಾಗಿ ನಾರು. ನಮಗೆ ಅರಗದ ಈ ನಾರೇ ಅವುಗಳ ಊಟ. ಹಿಟ್ಟು ಹುಳಿ ಬರುತ್ತದಲ್ಲ, ಹಾಗೆ ಅದನ್ನು ಹುಳಿಸುತ್ತವೆ. ಆಗ ಬ್ಯುಟಿರೇಟ್ ಎಂಬ ಪದಾರ್ಥ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಆಹಾರ ಇದೇ. ನೋಡಿ, ಎಂಥ ಒಪ್ಪಂದ! ನಾವು ಉಣ್ಣಿಸಿದರೆ ಅವು ಉಣ್ಣುತ್ತವೆ, ಅವು ಉಂಡರೆ ನಮ್ಮ ಕರುಳು ಉಣ್ಣುತ್ತದೆ. ನಾರು ಸಿಗದಿದ್ದರೆ? ಇಲಿಗಳಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಹಸಿದ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗುತ್ತವೆ.

ತಾಯಿಯ ಹಾಲಿನಲ್ಲೂ ಈ ಒಪ್ಪಂದ ಇದೆ. ಅದರಲ್ಲಿ ಕೂಸಿಗೆ ಅರಗಿಸಲು ಬಾರದ ಕೆಲವು ಸಕ್ಕರೆಗಳಿವೆ, ಅದೂ ಸಾಕಷ್ಟು ಪ್ರಮಾಣದಲ್ಲಿ. ಯಾರಿಗಾಗಿ? ಕೂಸಿನ ಹೊಟ್ಟೆಯ ಬ್ಯಾಕ್ಟೀರಿಯಾಗಳಿಗಾಗಿ. ಬಾಣಂತಿ ಹಾಲೂಡಿಸುವುದು ಒಂದೇ ಜೀವಕ್ಕಲ್ಲ.

ಇನ್ನು ಮೊಸರು. ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ, ಈಗಿನ ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದ ಮೆಚ್ನಿಕಾಫ್ ಎಂಬ ವಿಜ್ಞಾನಿ ಇದ್ದರು. 1908ರಲ್ಲಿ ನೊಬೆಲ್ ಪಡೆದವರು. ಬಲ್ಗೇರಿಯಾದ ಹಳ್ಳಿಗರು ಬಹಳ ಕಾಲ ಬದುಕುವುದಕ್ಕೆ ಹುಳಿಹಾಲೇ ಕಾರಣ ಎಂದು ಅವರು ನಂಬಿದ್ದರು. ಪ್ರೋಬಯಾಟಿಕ್ ಮಾತು ಶುರುವಾದದ್ದು ಸುಮಾರು ಅಲ್ಲಿಂದ. ಆದರೆ ಮೊಸರಿನ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯಲ್ಲಿ ಮನೆ ಕಟ್ಟುವುದಿಲ್ಲ. ಎಷ್ಟೋ ಜಠರದ ಆಮ್ಲದಲ್ಲೇ ಸಾಯುತ್ತವೆ. ಉಳಿದವು ಬೀಗರ ಹಾಗೆ, ನಾಲ್ಕು ದಿನ ಇದ್ದು ಹೊರಡುತ್ತವೆ. ಹಾಗಂತ ಮೊಸರು ದಂಡ ಅಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಅದು ಸಲೀಸಾಗಿ ಅರಗುತ್ತದೆ, ಏಕೆಂದರೆ ಹಾಲಿನ ಸಕ್ಕರೆಯನ್ನು ಒಡೆಯುವ ಕೆಲಸಕ್ಕೆ ಹೆಪ್ಪಿನ ಬ್ಯಾಕ್ಟೀರಿಯಾವೇ ಕೈ ಹಚ್ಚಿರುತ್ತವೆ. ಕುದಿಸಿದ ಮಜ್ಜಿಗೆ ಸಾರಿನಲ್ಲಿ ಮಾತ್ರ ಅವು ಬದುಕಿರುವುದಿಲ್ಲ. ಅದನ್ನು ರುಚಿಗೆ ಉಣ್ಣಿ.

ಗುಳಿಗೆಯ ವಿಷಯಕ್ಕೆ ನನ್ನದೇ ಒಂದು ದಡ್ಡತನ ಹೇಳಬೇಕು. ಒಮ್ಮೆ ಗಂಟಲು ನೋವಿಗೆ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ನುಂಗಿದೆ. ಡಾಕ್ಟರನ್ನು ಕೇಳಲಿಲ್ಲ. ಗಂಟಲು ಹಾಗೇ ಇತ್ತು, ಭೇದಿ ಹಿಡಿಯಿತು. ಆ ಔಷಧಿಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದ ಇಲ್ಲ ನೋಡಿ. ಇಂಥ ಭೇದಿ ತಡೆಯಲು ಕೆಲವು ಪ್ರೋಬಯಾಟಿಕ್‌ಗಳು ನೆರವಾಗುತ್ತವೆ. ಆದರೆ ಯಾವ ಜಾತಿ, ಎಷ್ಟು ಪ್ರಮಾಣ ಎಂಬುದರ ಮೇಲೆ ಅದು ನಿಂತಿದೆ. ಎಲ್ಲ ಹೊಟ್ಟೆನೋವಿಗೂ ಒಂದೇ ಗುಳಿಗೆ ಅಂತಿಲ್ಲ. ರೋಗ ತಡೆಯುವ ಶಕ್ತಿ ತೀರ ಕುಂದಿದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ಅಳಿಯನಿಗೆ ನಾನು ತೋರಿಸಿದ್ದು ಅವನು ಬಿಟ್ಟ ಅರ್ಧ ರೊಟ್ಟಿಯನ್ನು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕಡಿಮೆಯೆಂದರೂ 25 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಹಿಡಿಯಿರಿ. ಮೂರು ರೊಟ್ಟಿಗೆ 15 ಗ್ರಾಂ ಆಯಿತು. ಮಡಿಕೆಕಾಳು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಸೇರಿದರೆ ಲೆಕ್ಕ ತುಂಬುತ್ತದೆ. ಹಾಸ್ಟೆಲ್ಲಿನ ಬ್ರೆಡ್ಡು, ಅನ್ನದಲ್ಲಿ ಎಲ್ಲಿ ತುಂಬಬೇಕು?

ಹುಡುಗ ಮಾತು ಕೇಳಿದ, ಸ್ವಲ್ಪ ಜಾಸ್ತಿಯೇ ಕೇಳಿದ. ವಾರದ ಮೇಲೆ ಫೋನ್ ಬಂತು. ‘ಮಾಮಾ, ದಿನಾ ಎರಡು ಬಟ್ಟಲು ಕಾಳು ತಿನ್ನಾಕತ್ತೀನಿ. ಹೊಟ್ಟಿ ಗುಡುಗುಡು ಅಂತೈತಿ, ಮಂದ್ಯಾಗ ಕುಂದ್ರಾಕ ಆಗವಲ್ದು!’ ಒಮ್ಮೆಲೇ ಜಾಸ್ತಿ ನಾರು ಬಿದ್ದರೆ ಗ್ಯಾಸ್ ಆಗುವುದೇ. ಅರ್ಧ ಬಟ್ಟಲಿನಿಂದ ಶುರು ಮಾಡು, ನೀರು ಚೆನ್ನಾಗಿ ಕುಡಿ ಅಂದೆ. ಈಗ ಅಕ್ಕ ತಿಂಗಳಿಗೊಮ್ಮೆ ಖಡಕ್ ರೊಟ್ಟಿಯ ಗಂಟು ಕಳಿಸುತ್ತಾಳೆ. ಮೊಸರು ಅಲ್ಲೇ ಸಿಗುತ್ತದೆ.

ನಮಸ್ಕಾರ.