ಕತ್ತ್ ಅಂದ್ರೆ ಬೆಕ್ಕು, ಕಟ್ಟ್ ಅಂದ್ರೆ ಮ್ಯಾಪು: ಕನ್ನಡದ ನಾಲಿಗೆಗೆ ನಾರ್ವೇಜಿಯನ್ ಮೊದಲ ಪಾಠ

[ಪರದೆ: ಎಡಕ್ಕೆ ಬೆಕ್ಕು, ಬಲಕ್ಕೆ ಮ್ಯಾಪು. ಕೆಳಗೆ ಮೂಲ ಲಿಪಿಯಲ್ಲಿ ನಾರ್ವೇಜಿಯನ್ ಪದ, ಅದರಡಿ ಕನ್ನಡದಲ್ಲಿ ಉಚ್ಚಾರ]

ನಮಸ್ಕಾರ. ಕನ್ನಡದಲ್ಲಿ ಕತ್ತು ಬೇರೆ, ಕಟ್ಟು ಬೇರೆ. ಹೇಳುವಾಗ ಯಾರೂ ಎಡವಲ್ಲ, ಕೇಳುವಾಗಲೂ ಗೊಂದಲ ಇಲ್ಲ. ಈಗ ಎರಡರ ಕೊನೆಯ ‘ಉ’ ತೆಗೆದು ಹೇಳಿ ನೋಡಿ: ಕತ್ತ್, ಕಟ್ಟ್. ನಾರ್ವೇಜಿಯನ್ ಭಾಷೆಯ ಎರಡು ಪದ ಬಂದೇಬಿಟ್ವು. ಕತ್ತ್ ಅಂದ್ರೆ ಬೆಕ್ಕು, ಕಟ್ಟ್ ಅಂದ್ರೆ ಮ್ಯಾಪು.

ಇಂಗ್ಲಿಷ್ ಮಾತ್ರ ಬಲ್ಲವರು ಈ ತ, ಟ ವ್ಯತ್ಯಾಸ ಹಿಡಿಯೋಕೆ ಒದ್ದಾಡ್ತಾರೆ. ನಮಗದು ತೊಟ್ಟಿಲಲ್ಲೇ ಬಂದಿದೆ. ಆದ್ರೂ ನಮ್ಮವರು ಎಡವೋದು ಇಲ್ಲೇ. ಯಾಕಂದ್ರೆ ಟೇಬಲ್, ಡೋರ್ ಅಂತ ಇಂಗ್ಲಿಷ್ ಪದಗಳನ್ನೆಲ್ಲ ಟ, ಡ ಹಾಕಿ ಹೇಳಿ ರೂಢಿ. ಅದೇ ರೂಢಿಯಲ್ಲಿ ನಾರ್ವೆಯ ಬೆಕ್ಕನ್ನ ಕರೆದ್ರೆ ಎದುರಿಗಿದ್ದವರಿಗೆ ಮ್ಯಾಪು ಕೇಳಿಸುತ್ತೆ. ಹಾಗಾಗಿ ಇಂಗ್ಲಿಷ್ ಕನ್ನಡಕ ತೆಗೆದಿಡಿ. ಟೀ ಅಕ್ಷರ ಕಂಡ್ರೆ ತ, ಡೀ ಅಕ್ಷರ ಕಂಡ್ರೆ ದ. ಪದದ ಮೊದಲಲ್ಲಿ ಬರೋ ತ, ಕ, ಪ ಗಳಿಗೆ ಚೂರು ಉಸಿರು ಸೇರಿಸಿ, ಅಷ್ಟೆ. ಪೂರ್ತಿ ಮಹಾಪ್ರಾಣ ಮಾಡಬೇಡಿ.

ಹಾಗಾದ್ರೆ ಟ, ಡ ಬರೋದು ಯಾವಾಗ? ಹಿಂದೆ ಆರ್ ಅಕ್ಷರ ಇದ್ದಾಗ. ರ್ ಜೊತೆ ತ ಬಂದ್ರೆ ಟ, ದ ಬಂದ್ರೆ ಡ, ನ ಬಂದ್ರೆ ಣ, ಲ ಬಂದ್ರೆ ಳ, ಸ ಬಂದ್ರೆ ಷ. ಬರೆಯೋದು ಎರಡಕ್ಷರ, ಬಾಯಲ್ಲಿ ಬರೋದು ಒಂದೇ. ಮ್ಯಾಪಿನ ಕಾಗುಣಿತದಲ್ಲಿ ಆರ್ ಇದೆ, ಅದಕ್ಕೇ ಅದು ಕಟ್ಟ್. ಮಗು ಅನ್ನೋ ಪದವನ್ನ ಇಂಗ್ಲಿಷಿನವರು ‘ಬಾರ್ನ್’ ಅಂತ ಓದ್ತಾರೆ, ಅದು ‘ಬಾಣ್’. ನಾರ್ವೇಜಿಯನ್ ಭಾಷೆಗೆ ಅವರದೇ ಹೆಸರು ‘ನೊಷ್ಕ್’.

ಇದು ಪದದ ಒಳಗೆ ಮಾತ್ರ ಅಲ್ಲ, ಎರಡು ಪದದ ನಡುವೆಯೂ ಆಗುತ್ತೆ. ಸಂಧಿ ಪಾಠ ನೆನಪಿದೆಯಲ್ಲ, ಅದೇ. ‘ಹೇಗಿದೀಯ’ ಅಂತ ಕೇಳೋದು ಮೂರು ಪದದಲ್ಲಿ: ವುಡನ್, ಗೋರ್, ದೆ. ಬೇಗ ಹೇಳುವಾಗ ಗೋರ್ ಮತ್ತು ದೆ ಸೇರಿ ‘ಗೋಡೆ’ ಆಗುತ್ತೆ. ಒಟ್ಟು, ‘ವುಡನ್ ಗೋಡೆ?’

[ಪರದೆ: ಕೆಂಪು ಬಣ್ಣ ಬಳಿದ ಮರದ ಮನೆ. ಗೋಡೆಯತ್ತ ಬಾಣದ ಗುರುತು]

ನಾರ್ವೆಯಲ್ಲಿ ಬಹಳಷ್ಟು ಮನೆಗಳ ಗೋಡೆ ಮರದ್ದೇ. ವುಡನ್ ಗೋಡೆ. ಇನ್ನು ಮರೆಯಲ್ಲ ಬಿಡಿ.

ಒಂದು ಎಚ್ಚರಿಕೆ. ಈ ಟ, ಡ, ಣ ಎಲ್ಲ ಓಸ್ಲೋ ಕಡೆಯ, ತ್ರೊಂಡ್‌ಹೈಮ್ ಮತ್ತು ಉತ್ತರದ ಮಾತಿನವು. ಬರ್ಗನ್, ಸ್ತವಾಂಗರ್ ಕಡೆ ರ್ ಗಂಟಲಿನಿಂದ ಬರುತ್ತೆ, ಅಲ್ಲಿ ಈ ಸಂಧಿ ಇಲ್ಲ. ನಾರ್ವೆಯಲ್ಲಿ ಎಲ್ಲರೂ ಅವರವರ ಊರಿನ ಮಾತನ್ನೇ ಆಫೀಸಲ್ಲೂ ಟೀವಿಯಲ್ಲೂ ಆಡ್ತಾರೆ. ‘ನಾನು’ ಅನ್ನೋದೇ ಓಸ್ಲೋದಲ್ಲಿ ಯಾಯ್, ಬರ್ಗನ್‌ನಲ್ಲಿ ಏಗ್, ತ್ರೊಂಡ್‌ಹೈಮ್‌ನಲ್ಲಿ ಬರೀ ಆ್ಯ. ಧಾರವಾಡದ ಮಾತು, ಕುಂದಾಪುರದ ಮಾತು ಅಂತ ನಮ್ಮಲ್ಲಿ ಇರೋ ಹಾಗೆ. ಬರವಣಿಗೆಗೂ ಎರಡು ರೂಪ: ಬೂಕ್‌ಮೋಲ್ ಮತ್ತು ನೀನೊಷ್ಕ್. ಕಲಿಯೋರು ಸಾಮಾನ್ಯವಾಗಿ ಹಿಡಿಯೋದು ಬೂಕ್‌ಮೋಲ್ ಬರಹ, ಓಸ್ಲೋ ಕಡೆಯ ಮಾತು. ನಾವೂ ಇಲ್ಲಿ ಅದನ್ನೇ ಹೇಳ್ತಿರೋದು.

ಈಗ ಒತ್ತಕ್ಷರ. ಕತೆಗೂ ಕತ್ತೆಗೂ ಇರೋ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾರ್ವೇಜಿಯನ್ನಲ್ಲೂ ಹಾಗೇ: ವ್ಯಂಜನ ಒಂದೇ ಇದ್ರೆ ಹಿಂದಿನ ಸ್ವರ ದೀರ್ಘ, ಎರಡಿದ್ರೆ ಹ್ರಸ್ವ. ತಾಕ್ ಅಂದ್ರೆ ಮನೆಯ ಸೂರು, ತಕ್ಕ್ ಅಂದ್ರೆ ಥ್ಯಾಂಕ್ಸ್. ಪೇನ್ ಅಂದ್ರೆ ಚೆಂದ, ಪೆನ್ನ್ ಅಂದ್ರೆ ಪೆನ್ನೇ. ‘ತಕ್’ ಅಂತ ಹಾರಿಸಿ ಹೇಳಬೇಡಿ, ಕ ಮೇಲೆ ಒಂದು ಕ್ಷಣ ನಿಲ್ಲಿ.

ಆದ್ರೆ ಕೊನೆಗೆ ‘ಉ’ ಸೇರಿಸೋ ಚಟ ಬಿಡಬೇಕು. ಬಸ್ಸು, ಕಾರು, ಲೈಟು ಅಂತ ಎಳೆಯೋದು ನಮ್ಮ ಅಭ್ಯಾಸ. ನಾರ್ವೇಜಿಯನ್ನಲ್ಲಿ ಬಾಲಕ್ಕೂ ಅರ್ಥ ಇದೆ. ಹೂಸ್ ಅಂದ್ರೆ ಮನೆ, ಹೂಸೆ ಅಂದ್ರೆ ‘ಆ ಮನೆ’. ಅದಕ್ಕೆ ಉಕಾರ ಸೇರಿಸಿದ್ರೆ ಏನಾಗುತ್ತೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ‘ಆ’ ಕೆಲಸವನ್ನ ಪದದ ಕೊನೆಗೆ ಅಂಟಿಸೋದು ನಮ್ಮ ವಿಭಕ್ತಿ ಪ್ರತ್ಯಯದ ರೀತಿಯೇ. ಎನ್ ಬೀಲ್, ಒಂದು ಕಾರು. ಬೀಲೆನ್, ಆ ಕಾರು. ಎತ್ ಹೂಸ್, ಒಂದು ಮನೆ. ಹೂಸೆ, ಆ ಮನೆ, ಬರೆಯುವಾಗ ಕೊನೆಗೆ ಟೀ ಇರುತ್ತೆ, ಹೇಳುವಾಗ ಇಲ್ಲ. ಎನ್ ಯಾವುದಕ್ಕೆ, ಎತ್ ಯಾವುದಕ್ಕೆ? ಕನ್ನಡದಲ್ಲಿ ಲಿಂಗ ಅರ್ಥದಿಂದ ಗೊತ್ತಾಗುತ್ತೆ, ಅಲ್ಲಿ ಗೊತ್ತಾಗಲ್ಲ. ಆದ್ದರಿಂದ ನೋಟ್‌ಬುಕ್‌ನಲ್ಲಿ ಬರೀ ‘ಹೂಸ್’ ಅಂತ ಬರ್ಕೊಬೇಡಿ, ‘ಎತ್ ಹೂಸ್’ ಅಂತಲೇ ಬರೀರಿ. ಇದನ್ನ ಮೊದಲ ದಿನದಿಂದ ಮಾಡದವರು ಐನೂರು ಪದ ಕಲಿತ ಮೇಲೆ ಎಲ್ಲವನ್ನೂ ಮತ್ತೆ ಕಲೀಬೇಕಾಗುತ್ತೆ. ಅನುಮಾನ ಬಂದ್ರೆ ನಾರ್ವೆಯ ಭಾಷಾ ಮಂಡಳಿ ಮತ್ತು ಬರ್ಗನ್ ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ನಿಘಂಟು ಇದೆ, ಪ್ರತಿ ನಾಮಪದದ ಲಿಂಗವೂ ಅದರಲ್ಲಿ ಸಿಗುತ್ತೆ.

[ಪರದೆ: ತುಟಿಗಳ ಕ್ಲೋಸಪ್. ತುಟಿ ಗುಂಡಗೆ ಮಾಡಬೇಕಾದ ಅಕ್ಷರ ಹಳದಿಯಲ್ಲಿ]

ಕನ್ನಡ ಕೈಕೊಡೋ ಜಾಗ ಇದು. ಕನ್ನಡಿ ಎದುರು ನಿಲ್ಲಿ. ‘ಈ’ ಅನ್ನಿ, ಎಳೀರಿ. ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ‘ಊ’ ಹೇಳುವಂತೆ ಮುಂದೆ ಚಾಚಿ. ಬಂದ ಸದ್ದೇ ವೈ ಅಕ್ಷರದ್ದು. ಈಗ ‘ಏ’ ಅನ್ನಿ, ತುಟಿಯನ್ನ ‘ಓ’ ಆಕಾರಕ್ಕೆ ತನ್ನಿ. ಇದು ಸೊನ್ನೆಗೆ ಓರೆಗೆರೆ ಎಳೆದಂತೆ ಕಾಣೋ ಅಕ್ಷರ. ತುಟಿ ಸೋಮಾರಿಯಾದ್ರೆ ಅರ್ಥವೇ ಬೇರೆ. ತುಟಿ ಗುಂಡಗೆ ಮಾಡಿ ‘ಲೇಕ್’ ಅಂದ್ರೆ ಈರುಳ್ಳಿ, ಮಾಡದೆ ಅಂದ್ರೆ ಮಕ್ಕಳ ಆಟ. ಗುಂಡಗಿನ ‘ನೀ’ ಅಂದ್ರೆ ಹೊಸದು, ಚಪ್ಪಟೆ ‘ನೀ’ ಅಂದ್ರೆ ಒಂಬತ್ತು. ಹೂಸ್‌ನಲ್ಲಿರೋ ಯೂ ಅಕ್ಷರವೂ ಪೂರ್ತಿ ನಮ್ಮ ‘ಊ’ ಅಲ್ಲ, ನಾಲಿಗೆ ಇನ್ನೂ ಮುಂದೆ ಇರುತ್ತೆ. ನಮ್ಮ ‘ಊ’ ಹೋಲೋದು ಅವರ ಓ ಅಕ್ಷರವನ್ನ: ಪುಸ್ತಕ ‘ಬೂಕ್’, ಸೂರ್ಯ ‘ಸೂಲ್’. ಓಸ್ಲೋ ಕೂಡ ಅಲ್ಲಿನವರ ಬಾಯಲ್ಲಿ ‘ಉಷ್ಲು’ ಅಥವಾ ‘ಉಸ್ಲು’. ನಮ್ಮ ‘ಓ’ ಬೇಕಾದ್ರೆ ತಲೆ ಮೇಲೆ ಪುಟ್ಟ ಸೊನ್ನೆ ಇರೋ ಎ ಅಕ್ಷರ ನೋಡಿ.

ಏರಿಳಿತದ ಎರಡು ರಾಗಗಳೂ ಇವೆ. ರೈತರು, ಹುರುಳಿಕಾಯಿ ಎರಡಕ್ಕೂ ರಾಗ ಬಿಟ್ರೆ ಉಚ್ಚಾರ ಒಂದೇ. ಮೊದಲ ಆರು ತಿಂಗಳು ತಲೆ ಕೆಡಿಸ್ಕೊಬೇಡಿ, ಸಂದರ್ಭ ಕೈಹಿಡಿಯುತ್ತೆ.

ಇನ್ನು ಮಾತಿಗೆ ಇಳಿಯೋಣ. ಸಿಕ್ಕಾಗ ‘ಹ್ಯಾಯ್’, ಹೊರಡುವಾಗ ‘ಹಾ ದೆ’. ‘ವುಡನ್ ಗೋಡೆ?’ ಅಂದ್ರೆ ಉತ್ತರ ‘ಬಾರೆ ಬ್ರಾ, ತಕ್ಕ್’. ಬ್ರಾ ಅಂದ್ರೆ ಚೆನ್ನಾಗಿ. ನಗೋರು ಈಗಲೇ ನಕ್ಕು ಮುಗಿಸಿ, ಈ ಪದ ದಿನಕ್ಕೆ ಇಪ್ಪತ್ತು ಸಲ ಕೇಳುತ್ತೆ. ಡಾಕ್ಟರ್, ಬಾಸ್, ಮೇಷ್ಟ್ರು, ಎಪ್ಪತ್ತು ವರ್ಷದ ಅಜ್ಜಿ, ಎಲ್ಲರಿಗೂ ‘ದೂ’, ಅಂದ್ರೆ ನೀನು. ‘ನೀವು’ಗೆ ಸಮನಾದ ಪದ ಇದೆ, ಬಳಕೆ ಹೆಚ್ಚುಕಡಿಮೆ ನಿಂತಿದೆ. ಹೆಸರು ಹಿಡಿದೇ ಕರೀತಾರೆ. ಬಾಯಿ ಬರಲ್ಲ ಮೊದಮೊದಲು. ಆದ್ರೂ ಕರೀಬೇಕು.

ಕ್ರಿಯಾಪದ ನಮಗೆ ಬಲು ಸುಲಭ. ಇದ್ದೀನಿ, ಇದ್ದಾನೆ, ಇದ್ದಾರೆ ಅಂತ ಬದಲಾಗೋದೇ ಇಲ್ಲ, ಎಲ್ಲಕ್ಕೂ ‘ಆ್ಯರ್’. ಆದ್ರೆ ಅದರ ಜಾಗ ಗಟ್ಟಿ: ವಾಕ್ಯದಲ್ಲಿ ಎರಡನೇ ಸ್ಥಾನ. ‘ಇವತ್ತು ನಾನು ಅನ್ನ ತಿನ್ತೀನಿ’ ಅನ್ನೋಕೆ ‘ಈ ದಾಗ್ ಸ್ಪೀಸೆರ್ ಯಾಯ್ ರೀಸ್’. ಇವತ್ತು, ತಿನ್ತೀನಿ, ನಾನು, ಅನ್ನ. ‘ಈ ದಾಗ್ ಯಾಯ್ ಸ್ಪೀಸೆರ್’ ಅಂದ್ರೆ ಅರ್ಥ ಆಗುತ್ತೆ, ಹೊಸಬರು ಅಂತಲೂ ಗೊತ್ತಾಗುತ್ತೆ.

ಹೌದು, ಇಲ್ಲ ವಿಷಯದಲ್ಲಿ ಮಾತ್ರ ನಿಜವಾದ ಎಡವಟ್ಟು ಆಗುತ್ತೆ. ‘ನೀನು ಬರಲ್ವಾ?’ ಅಂದ್ರೆ ನಾವು ‘ಹೌದು, ಬರಲ್ಲ’ ಅಂತೀವಿ. ನಾರ್ವೇಜಿಯನ್ನಲ್ಲಿ ಅಲ್ಲಗಳೆಯೋ ಪ್ರಶ್ನೆಗೆ ‘ಯಾ’ ಬರಲ್ಲ. ಬರ್ತೀನಿ ಅನ್ನೋಕೆ ‘ಯೂ’, ಬರಲ್ಲ ಅನ್ನೋಕೆ ‘ನ್ಯಾಯ್’. ನಾವು ‘ಯಾ’ ಅಂದುಬಿಟ್ರೆ ಅಡುಗೆ ಮಾಡೋದಾ ಬೇಡ್ವಾ ಅಂತ ಅವರಿಗೆ ಗೊತ್ತಾಗಲ್ಲ. ಅಂದ ಹಾಗೆ, ಕೆಲವರು ‘ಯಾ’ ಅನ್ನೋದನ್ನ ಉಸಿರು ಒಳಗೆಳೆದು ಹೇಳ್ತಾರೆ, ಉತ್ತರದ ಕಡೆ ಜಾಸ್ತಿ. ಅದು ಗಾಬರಿ ಅಲ್ಲ, ಒಪ್ಪಿಗೆ.

[ಪರದೆ: ಅಂಗಡಿಯ ಬಿಲ್ಲಿಂಗ್ ಕೌಂಟರ್]

ಅಂಗಡಿಯಲ್ಲಿ ಪ್ಲೀಸ್ ಅನ್ನೋ ಪದ ಹುಡುಕಬೇಡಿ, ಇಂಗ್ಲಿಷಿನಂತೆ ಎಲ್ಲೆಂದರಲ್ಲಿ ಹಾಕೋ ಪದ ಇಲ್ಲ. ‘ಕನ್ ಯಾಯ್ ಫೋ ಎನ್ ಕಫ್ಫೆ?’ ಒಂದು ಕಾಫಿ ಸಿಗುತ್ತಾ? ಇಷ್ಟೇ ಮರ್ಯಾದೆ ಸಾಕು. ಕೌಂಟರಿನಲ್ಲಿ ಅವರು ಕೇಳೋದು ಎರಡೇ: ‘ಪೂಸೆ?’ ಚೀಲ ಬೇಕಾ? ‘ಕ್ವಿತ್ತೇರಿಂಗ್?’ ರಸೀದಿ ಬೇಕಾ? ‘ಯಾ ತಕ್ಕ್’ ಅಥವಾ ‘ನ್ಯಾಯ್ ತಕ್ಕ್’.

ಮಾಂಸ ತಿನ್ನದವರು ಒಂದು ಪದ ಗಟ್ಟಿ ಮಾಡ್ಕೊಳ್ಳಿ: ಮಾಂಸಕ್ಕೆ ‘ಶೆತ್ತ್’, ‘ಎ’ ಹೇಳುವಾಗ ತುಟಿ ಗುಂಡಗೆ. ಮೊದಲ ಸದ್ದು ನಿಜವಾಗಿ ಶ ಅಲ್ಲ, ‘ಹಿ’ಯನ್ನ ಬಿಗಿಯಾಗಿ ಪಿಸುಗುಟ್ಟಿದಂತೆ. ಆದ್ರೆ ಓಸ್ಲೋದ ಎಷ್ಟೋ ಹುಡುಗರೂ ಶ ಅಂತಲೇ ಹೇಳೋದರಿಂದ ನಡೆಯುತ್ತೆ. ‘ಊತೆನ್ ಶೆತ್ತ್’, ಮಾಂಸ ಇಲ್ಲದೆ. ಈಗ ಪ್ಯಾಕೆಟ್ ನೋಡಿ. ‘ದ್ಯಾಯ್’ ಅಂದ್ರೆ ಹಿಟ್ಟಿನ ಕಣಕ, ಪಿಜ್ಜಾ ಕಣಕದ ಮೇಲೂ ಅದೇ ಇರುತ್ತೆ. ಆದ್ರೆ ‘ಶೆತ್ತ್‌ದ್ಯಾಯ್’ ಅಂದ್ರೆ ಕೊಚ್ಚಿದ ಮಾಂಸ, ಕೀಮಾ. ಬಾಲ ನೋಡಿ ತಲೆ ಮರೀಬೇಡಿ. ಸ್ವೀನ್ ಅಂದ್ರೆ ಹಂದಿ, ಸ್ತೂರ್‌ಫೇ ಅಂದ್ರೆ ದನ. ಮಜ್ಜಿಗೆಗೆ ಹತ್ತಿರದ್ದು ಬೇಕಾದ್ರೆ ಹಾಲಿನ ಸಾಲಿನಲ್ಲೇ ‘ಕುಲ್ತೂರ್‌ಮೆಲ್ಕ್’ ಇರುತ್ತೆ.

[ಪರದೆ: ಗೋಡೆ ಗಡಿಯಾರ, 8.30]

ಹೆಚ್ಚು ನಷ್ಟ ಮಾಡೋದು ಗಂಟೆ. ಈ ಸಮಯಕ್ಕೆ ನಾವು ಎಂಟೂವರೆ ಅಂತೀವಿ. ಅವರು ‘ಹಲ್ ನೀ’ ಅಂತಾರೆ. ಹಲ್ ಅಂದ್ರೆ ಅರ್ಧ, ನೀ ಅಂದ್ರೆ ಒಂಬತ್ತು. ಅಂದ್ರೆ ಒಂಬತ್ತರ ಕಡೆಗೆ ಅರ್ಧ ದಾರಿ. ಒಂಬತ್ತೂವರೆ ಅಂದ್ಕೊಂಡು ಹೋದ್ರೆ ಸರಿಯಾಗಿ ಒಂದು ಗಂಟೆ ತಡ. ಇಷ್ಟಕ್ಕೇ ಮುಗಿಯಲ್ಲ, ಅರ್ಧದ ಅಕ್ಕಪಕ್ಕದ ನಿಮಿಷಗಳನ್ನೂ ಅರ್ಧದಿಂದಲೇ ಎಣಿಸ್ತಾರೆ. ‘ಫೆಮ್ ಪೋ ಹಲ್ ನೀ’, ಆ ಅರ್ಧಕ್ಕೆ ಐದು ಬಾಕಿ, 8.25. ‘ಫೆಮ್ ಓವೆರ್ ಹಲ್ ನೀ’, ಅರ್ಧ ದಾಟಿ ಐದು, 8.35. ‘ತೀ ಪೋ ಹಲ್ ನೀ’, 8.20. ಬಾಯಲ್ಲಿ ಸಮಯ ಗೊತ್ತು ಮಾಡ್ಕೊಂಡಾಗ ಮೊಬೈಲಿನಲ್ಲಿ ಅಂಕಿ ಬರೆದು ತೋರಿಸಿಬಿಡಿ.

ಸಂಖ್ಯೆ: ಏನ್, ತೂ, ತ್ರೇ, ಫೀರೆ, ಫೆಮ್, ಸೆಕ್ಸ್, ಷೂ, ಒತ್ತೆ, ನೀ, ತೀ. ಮುಂದೆ ಇಪ್ಪತ್ತೆರಡಕ್ಕೆ ನಮ್ಮ ಹಾಗೇ ಮೊದಲು ಇಪ್ಪತ್ತು, ಆಮೇಲೆ ಎರಡು. ಆದ್ರೆ ಇದು 1951ರ ಜುಲೈಯಿಂದ ಬಂದ ಪದ್ಧತಿ. ಅದಕ್ಕೂ ಮುಂಚೆ ಹಿಂದಿಯ ‘ಬಾಯೀಸ್’ ಥರ ‘ಎರಡು ಮತ್ತು ಇಪ್ಪತ್ತು’ ಅಂತಿದ್ರು. ಈಗಲೂ ಹಾಗೆ ಹೇಳೋರಿದ್ದಾರೆ, ಫೋನ್ ನಂಬರ್ ಬರ್ಕೊಳ್ಳುವಾಗ ಹುಷಾರು.

ಮಾತು ಅರ್ಥ ಆಗದಿದ್ರೆ: ‘ಕನ್ ದೂ ಸ್ನಕ್ಕೆ ಲಿತ್ ಸಕ್ತೆರೆ?’ ಸ್ವಲ್ಪ ನಿಧಾನ ಮಾತಾಡ್ತೀಯಾ? ನೀವು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ಹೊರಳ್ತಾರೆ, ಒಳ್ಳೆ ಮನಸ್ಸಿನಿಂದಲೇ. ಆಗ ‘ಯಾಯ್ ಲ್ಯಾರೆರ್ ನೊಷ್ಕ್’, ನಾನು ನೊಷ್ಕ್ ಕಲೀತಿದೀನಿ ಅಂತ ಹೇಳಿ ಹಿಡಿದು ನಿಲ್ಲಿಸಿ.

[ಪರದೆ: ಊಟ ಮುಗಿದ ಮೇಜು]

ಊಟಕ್ಕೆ ‘ಮಾತ್’ ಅಂತಾರೆ. ಹೊಟ್ಟೆ ತುಂಬಿತು ಅನ್ನೋಕೆ ಇಂಗ್ಲಿಷಿನ ಗುಂಗಿನಲ್ಲಿ ‘ಯಾಯ್ ಆ್ಯರ್ ಫುಲ್’ ಅಂದುಬಿಟ್ರೆ ‘ಕುಡಿದು ಟೈಟಾಗಿದೀನಿ’ ಅಂತ ಅರ್ಥ. ಹೇಳಬೇಕಾದ್ದು ‘ಯಾಯ್ ಆ್ಯರ್ ಮೆತ್ತ್’. ಏಳುವ ಮುಂಚೆ ಬಡಿಸಿದವರಿಗೆ ‘ತಕ್ಕ್ ಫೊರ್ ಮಾತೆನ್’, ಊಟಕ್ಕೆ ಥ್ಯಾಂಕ್ಸ್. ಸ್ವಂತ ಮನೆಯಲ್ಲಿ ಮಕ್ಕಳೂ ಅಮ್ಮನಿಗೆ ಹೇಳ್ತಾರೆ. ಉತ್ತರ ‘ವೆಲ್ ಬೆಕೊಮ್ಮೆ’. ಬಾಗಿಲ ಹತ್ತಿರ ಶೂ ಹಾಕ್ಕೊಳ್ಳುವಾಗ ‘ತಕ್ಕ್ ಫೊರ್ ಮ್ಯಾಯ್’, ನನ್ನನ್ನ ಕರೆದು ಉಪಚರಿಸಿದ್ದಕ್ಕೆ.

ಅಲ್ಲಿಗೂ ಲೆಕ್ಕ ಚುಕ್ತಾ ಆಗಲ್ಲ. ಎರಡು ವಾರದ ಮೇಲೆ ಅದೇ ಮನೆಯವರು ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ರೆ ಮೊದಲ ಮಾತು ‘ತಕ್ಕ್ ಫೊರ್ ಸಿಸ್ತ್’, ಹೋದ ಸಲಕ್ಕೆ ಥ್ಯಾಂಕ್ಸ್. ರ್ ಮತ್ತು ಸ ಸೇರಿದ್ದು ನೋಡಿದ್ರಾ? ಬಾಯಲ್ಲಿ ಬರಬೇಕಾದ್ದು ‘ತಕ್ಕ್ ಫೊಷಿಸ್ತ್’. ಅವರು ‘ಸೆಲ್ ತಕ್ಕ್’ ಅಂತಾರೆ: ಥ್ಯಾಂಕ್ಸ್ ನಾನು ಹೇಳಬೇಕು.

ಹಾ ದೆ.