ಇಲ್ಯೂಷನ್ ಮ್ಯೂಸಿಯಂಗೆ ಹೋದಾಗ ಫೋನ್ ಜೇಬಲ್ಲಿರಲಿ

ನಮಸ್ಕಾರ. ಇವತ್ತು ಕಣ್ಣಿಗೆ ಮೋಸ ಮಾಡುವ ಮ್ಯೂಸಿಯಂಗಳ ಬಗ್ಗೆ ಮಾತಾಡೋಣ. ಈಗ ಯಾವ ದೊಡ್ಡ ಊರಿಗೆ ಪ್ರವಾಸ ಹೋದರೂ ಒಂದು ಇಲ್ಯೂಷನ್ ಮ್ಯೂಸಿಯಂ ಇದ್ದೇ ಇರುತ್ತದೆ. 2015ರಲ್ಲಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಶುರುವಾದ ಒಂದು ಮ್ಯೂಸಿಯಂಗೆ ಇವತ್ತು ದುಬೈ, ದೆಹಲಿ ಸೇರಿ ಎಷ್ಟೋ ಊರುಗಳಲ್ಲಿ ಶಾಖೆಗಳಿವೆ. ಅದನ್ನು ನೋಡಿ ಹುಟ್ಟಿಕೊಂಡವು ಇನ್ನೂ ಜಾಸ್ತಿ. ಟಿಕೆಟ್ ಅಗ್ಗ ಅಲ್ಲ. ನಾಲ್ಕು ಜನರ ಮನೆಯವರು ಹೋದರೆ ಒಂದು ಒಳ್ಳೆಯ ಊಟದ ದುಡ್ಡು ಹೋಗುತ್ತದೆ. ಹಾಗಿರುವಾಗ ಅಲ್ಲಿಂದ ನಮಗೆ ಏನು ಸಿಗಬೇಕು ಅಂತ ಕೇಳುವುದು ತಪ್ಪಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಇಂಥ ಮ್ಯೂಸಿಯಂ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯಬೇಕಾದರೆ ಒಂದೇ ಪ್ರಶ್ನೆ ಸಾಕು. ಫೋಟೋದಲ್ಲಿ ಸಿಗದೇ ಇರುವುದು ಅಲ್ಲಿ ಎಷ್ಟಿದೆ?

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಏಮ್ಸ್ ಕೋಣೆಯನ್ನೇ ನೋಡಿ. ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ನೋಡಿರುತ್ತೀರಿ. ಒಂದು ಮೂಲೆಯಲ್ಲಿ ನಿಂತ ಅಪ್ಪ ಗುಬ್ಬಚ್ಚಿಯಷ್ಟು ಚಿಕ್ಕವರಾಗಿರುತ್ತಾರೆ, ಇನ್ನೊಂದು ಮೂಲೆಯಲ್ಲಿ ನಿಂತ ಮಗಳ ತಲೆ ಸೂರು ಮುಟ್ಟುತ್ತಿರುತ್ತದೆ. ಇದನ್ನು ಮಾಡಿದವರು ಅಮೆರಿಕದ ಅಡೆಲ್ಬರ್ಟ್ ಏಮ್ಸ್. ವಕೀಲಿಕೆ ಓದಿ, ಅದನ್ನು ಬಿಟ್ಟು ಚಿತ್ರ ಬರೆಯಲು ಹೋಗಿ, ಕೊನೆಗೆ ಕಣ್ಣು ಹೇಗೆ ನೋಡುತ್ತದೆ ಅನ್ನುವ ಅಧ್ಯಯನದಲ್ಲಿ ಮುಳುಗಿದ ಮನುಷ್ಯ. ಅವರ ಕೋಣೆ ಚೌಕವಾಗಿ ಕಾಣುತ್ತದೆ, ಆದರೆ ಅಲ್ಲಿ ಒಂದು ಗೋಡೆಯೂ ನೆಟ್ಟಗಿಲ್ಲ. ಹಿಂದಿನ ಗೋಡೆ ಓರೆ. ನೆಲ ಒಂದು ಮೂಲೆಯ ಕಡೆ ಇಳಿಯುತ್ತದೆ, ಸೂರು ಅದೇ ಕಡೆ ಏರುತ್ತದೆ. ಆ ಮೂಲೆ ಪಕ್ಕದ ಮೂಲೆಗಿಂತ ಎರಡು ಪಟ್ಟು ದೂರ ಇರುತ್ತದೆ. ಅಲ್ಲಿ ನಿಂತವರು ದೂರದಲ್ಲಿದ್ದಾರೆ, ಅದಕ್ಕೇ ಚಿಕ್ಕದಾಗಿ ಕಾಣುತ್ತಾರೆ. ಆದರೆ ನಮ್ಮ ಮೆದುಳು ಹುಟ್ಟಿದಾಗಿನಿಂದ ಚೌಕದ ಕೋಣೆಗಳನ್ನೇ ನೋಡಿದೆ. ಇದೂ ಚೌಕವೇ ಅಂತ ಹಟ ಹಿಡಿಯುತ್ತದೆ. ಕೋಣೆ ಚೌಕ ಅಂದಮೇಲೆ ಇಬ್ಬರೂ ಒಂದೇ ದೂರದಲ್ಲಿರಬೇಕು. ಹಾಗಾದರೆ ಅಪ್ಪ ನಿಜವಾಗಿಯೂ ಕುಳ್ಳ!

ಇಲ್ಲಿ ಒಂದು ವಿಷಯ ಗಮನಿಸಿ. ಈ ಆಟ ಸರಿಯಾಗಿ ನಡೆಯಬೇಕಾದರೆ ಒಂದು ನಿಗದಿಯಾದ ಜಾಗದಿಂದ, ಒಂದೇ ಕಣ್ಣಿಂದ ನೋಡಬೇಕು. ಎರಡೂ ಕಣ್ಣು ಬಿಟ್ಟರೆ ದೂರದ ಅಂದಾಜು ಸಿಗಲು ಶುರುವಾಗುತ್ತದೆ, ಆಟ ಸಡಿಲವಾಗುತ್ತದೆ. ಅದಕ್ಕೇ ಇದನ್ನು ಮೊದಲು ಒಂದು ಸಣ್ಣ ಕಿಂಡಿಯಿಂದ ಇಣುಕಿ ನೋಡುವ ಹಾಗೆ ಮಾಡಿದ್ದು. ಫೋನಿನ ಕ್ಯಾಮೆರಾ ಏನು ಮಾಡುತ್ತದೆ? ಒಂದೇ ಲೆನ್ಸಿನಿಂದ ನೋಡುತ್ತದೆ. ಅಂದರೆ ಒಕ್ಕಣ್ಣು. ನಮಗಿಂತ ಫೋನಿಗೇ ಈ ಭ್ರಮೆ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಏನಾಗಿದೆ ಅಂದರೆ, ಎಷ್ಟೋ ಕಡೆ ಕಿಂಡಿಯೇ ಹೋಗಿಬಿಟ್ಟಿದೆ. ನೆಲದ ಮೇಲೆ ಎರಡು ಪಾದದ ಗುರುತು, 'ಇಲ್ಲಿಂದ ಫೋಟೋ ತೆಗೆಯಿರಿ' ಅಂತ ಒಂದು ಬೋರ್ಡ್. ಸಿಬ್ಬಂದಿ ನಮ್ಮ ಫೋನ್ ಇಸ್ಕೊಂಡು 'ಸರ್ ನೀವು ಆ ಕಡೆ, ಮೇಡಂ ಈ ಕಡೆ, ಕೈ ಮೇಲೆತ್ತಿ' ಅನ್ನುತ್ತಾರೆ. ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿರುತ್ತದೆ. ಫೋಟೋ ಬಂತು, ಮುಂದಕ್ಕೆ. ಕೋಣೆಯ ಒಳಗೆ ನಿಂತವರಿಗೆ ಏನೂ ಕಂಡಿಲ್ಲ. ಇಳಿಜಾರು ನೆಲದ ಮೇಲೆ ಸುಮ್ನೆ ನಿಂತಿದ್ದರು ಅಷ್ಟೇ. ಅವರಿಗೆ ಭ್ರಮೆ ಕಾಣುವುದು ಹೊರಗೆ ಬಂದು ಫೋನ್ ನೋಡಿದಾಗ. ಮಾಲ್‌ಗಳ ಒಳಗಿರುವ ತ್ರೀಡಿ ಚಿತ್ರಗಳ ಕಥೆಯೂ ಇದೇ. ಗೋಡೆಯಿಂದ ಶಾರ್ಕ್ ಬಾಯಿ ತೆರೆದು ಬರುತ್ತಿರುವ ಚಿತ್ರ ಫೋನಿನಲ್ಲಿ ಬೆಚ್ಚಿಬೀಳಿಸುತ್ತದೆ. ಎದುರಿಗೆ ನಿಂತರೆ ಅದು ಗೋಡೆಗೆ ಬಳಿದ ಬಣ್ಣ.

ಫೋಟೋ ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ನಗುತ್ತಾರೆ, ಅಜ್ಜಿಗೆ ವಾಟ್ಸಾಪ್‌ನಲ್ಲಿ ಕಳಿಸಬಹುದು, ಅದೂ ಬೇಕು. ನನ್ನ ದೂರು ಏನಿದ್ದರೂ ಫೋನಿಗಾಗಿ ಮಾತ್ರ ಕಟ್ಟಿದ ಜಾಗಗಳ ಮೇಲೆ. ನಮ್ಮ ಕಣ್ಣು ನಮಗೆ ಹೇಗೆ ಮೋಸ ಮಾಡುತ್ತದೆ ಅಂತ ನೋಡಲು ಹೋದವರು, ಅದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಿ ಬರುತ್ತೇವೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುತ್ತದೆ.

ಹಾಗಾದರೆ ಚೆನ್ನಾಗಿರುವುದು ಯಾವುದು? ನನ್ನ ಮಟ್ಟಿಗೆ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿರುವ ಕ್ಯಾಮೆರಾ ಅಬ್ಸ್ಕ್ಯೂರಾ ಅನ್ನುವ ಮ್ಯೂಸಿಯಂ. ಕೋಟೆಗೆ ಹೋಗುವ ದಾರಿಯಲ್ಲೇ, ಕ್ಯಾಸಲ್‌ಹಿಲ್ ರಸ್ತೆಯಲ್ಲಿ, ಕೆಳಗಿಂದ ಮೇಲಿನವರೆಗೆ ಭ್ರಮೆಗಳನ್ನೇ ತುಂಬಿಕೊಂಡ ಹಳೆಯ ಕಟ್ಟಡ. ಅಲ್ಲೂ ಏಮ್ಸ್ ಕೋಣೆ ಇದೆ, ಅಲ್ಲೂ ಫೋಟೋಗೆ ಸಾಲು ನಿಲ್ಲುತ್ತಾರೆ. ಆದರೆ ಫೋಟೋಗೆ ದಕ್ಕದೇ ಇರುವುದೂ ಬೇಕಾದಷ್ಟಿದೆ.

ಒಂದು ತಿರುಗುವ ಸುರಂಗ. ಬಣ್ಣಬಣ್ಣದ ದೀಪಗಳಿರುವ ದೊಡ್ಡ ಕೊಳವೆ ನಿಮ್ಮ ಸುತ್ತ ತಿರುಗುತ್ತಿರುತ್ತದೆ, ಮಧ್ಯೆ ಒಂದು ಸಣ್ಣ ಸೇತುವೆ. ಸೇತುವೆ ಅಲುಗಾಡುವುದೇ ಇಲ್ಲ. ಅದು ನಿಮಗೆ ಗೊತ್ತು, ಮುಂದೆ ಹೋಗುತ್ತಿರುವವರ ಕಾಲ ಕೆಳಗೆ ನೋಡಿ ಖಾತ್ರಿ ಮಾಡಿಕೊಂಡಿರುತ್ತೀರಿ. ಆದರೂ ಎರಡು ಹೆಜ್ಜೆ ಇಟ್ಟರೆ ಮೈ ಒಂದು ಕಡೆಗೆ ವಾಲುತ್ತದೆ. ಕೈ ತಾನಾಗಿಯೇ ಕಂಬಿ ಹಿಡಿದುಕೊಳ್ಳುತ್ತದೆ. ಮಂಡಿ ಬಿಗಿಯಾಗುತ್ತದೆ. ಈಗ ಅಲ್ಲೇ ನಿಂತು ಕಣ್ಣು ಮುಚ್ಚಿ. ಎಲ್ಲಾ ನಿಂತುಹೋಗುತ್ತದೆ. ನೆಲ ಗಟ್ಟಿಯಾಗಿದೆ. ಕಣ್ಣು ಬಿಟ್ಟರೆ ಮತ್ತೆ ವಾಲುತ್ತೀರಿ. ಮೈಯ ಸಮತೋಲ ನೋಡಿಕೊಳ್ಳುವ ಒಳಗಿವಿ 'ನೀನು ನೆಟ್ಟಗೆ ನಿಂತಿದ್ದೀಯ' ಅನ್ನುತ್ತದೆ, ಕಣ್ಣು 'ಇಲ್ಲ, ತಿರುಗುತ್ತಿದ್ದೀಯ' ಅನ್ನುತ್ತದೆ, ಗೆಲ್ಲುವುದು ಕಣ್ಣು. ಮೆಜೆಸ್ಟಿಕ್‌ನಲ್ಲಿ ರೈಲು ಹೊರಡುವ ಮುಂಚೆ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಅದೇ ಇದು. ಈ ಸುರಂಗದ ಫೋಟೋ ತೆಗೆದು ನೋಡಿ. ಬಣ್ಣದ ದೀಪಗಳ ನಡುವೆ ಒಬ್ಬರು ಕಂಬಿ ಹಿಡಿದು ನಿಂತಿದ್ದಾರೆ. ಅಷ್ಟೇ ಸಿಗುವುದು.

ಇನ್ನೊಂದು ಗುಳಿಬಿದ್ದ ಮುಖ. ಇಂಥ ಹಲವು ಮ್ಯೂಸಿಯಂಗಳಲ್ಲಿ ಇರುತ್ತದೆ. ಮುಖವಾಡದ ಒಳಬದಿಯನ್ನು ನಮ್ಮ ಕಡೆ ತಿರುಗಿಸಿ, ಬೆಳಕು ಬಿಟ್ಟಿರುತ್ತಾರೆ. ಮೂಗು ಹಿಂದಕ್ಕೆ ಹೋಗಿದೆ, ಕೆನ್ನೆ ತಗ್ಗಾಗಿದೆ. ನಮಗೆ ಕಾಣುವುದು ಮಾತ್ರ ಉಬ್ಬಿದ, ಸರಿಯಾದ ಮುಖ. ನೀವು ಎಡಕ್ಕೆ ನಡೆದರೆ ಅದು ಎಡಕ್ಕೆ ತಿರುಗುತ್ತದೆ, ಬಲಕ್ಕೆ ನಡೆದರೆ ಬಲಕ್ಕೆ. ಹತ್ತಿರ ಹತ್ತಿರ ಹೋಗಿ. ಒಂದು ಹಂತದಲ್ಲಿ ಥಟ್ಟನೆ ಮುಖ ಒಳಕ್ಕೆ ಮಗುಚುತ್ತದೆ, ತಗ್ಗು ಕಾಣುತ್ತದೆ. ಒಂದು ಹೆಜ್ಜೆ ಹಿಂದೆ ಬನ್ನಿ, ಮತ್ತೆ ಉಬ್ಬುತ್ತದೆ. ಒಳಕ್ಕೆ ಹೋದ ಮೂಗಿನ ಮನುಷ್ಯನನ್ನು ಜೀವನದಲ್ಲಿ ನಾವು ಯಾರೂ ನೋಡಿಲ್ಲ. ಕಣ್ಣು ಏನೇ ವರದಿ ಕೊಡಲಿ, ಮೆದುಳು ಅದನ್ನು ಒಪ್ಪಲು ತಯಾರಿಲ್ಲ. ಬ್ರಿಟನ್ನಿನ ರಿಚರ್ಡ್ ಗ್ರೆಗರಿ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಹಿಡಿದುಕೊಂಡು, ನೋಡುವುದು ಅಂದರೆ ಮೆದುಳು ಮಾಡುವ ಊಹೆ ಅಂತ ಜೀವನಪೂರ್ತಿ ವಾದಿಸಿದರು. ಇಲ್ಲೂ ನಡೆದಾಡಿದರೆ ಮಾತ್ರ ಮಜಾ. ಒಂದು ಫೋಟೋದಲ್ಲಿ ಇದು ಯಾವುದೋ ಒಂದು ಮುಖ ಅಷ್ಟೇ.

ಈ ಮುಖದ ಮುಂದೆ ನಿಂತಾಗ ನನಗೆ ಹೊಳೆದದ್ದು ಹಗ್ಗ ಮತ್ತು ಹಾವು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವು ಅಂದುಕೊಳ್ಳುವ ಉದಾಹರಣೆ ನಮಗೆಲ್ಲ ಗೊತ್ತು. ಶಂಕರರಿಂದ ಹಿಡಿದು ಹರಿಕಥೆ ದಾಸರವರೆಗೆ ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಅಲ್ಲಿ ದೀಪ ತಂದರೆ ಸಾಕು. ಹಗ್ಗ ಅಂತ ತಿಳಿದ ಕ್ಷಣ ಹಾವು ಮಾಯ, ಭಯವೂ ಮಾಯ. ಆದರೆ ಇಲ್ಲಿ ದೀಪ ಹಚ್ಚಿಯೇ ಇದೆ. ಮುಖ ಗುಳಿ ಬಿದ್ದಿದೆ ಅಂತ ಬೋರ್ಡಿನಲ್ಲೇ ಬರೆದಿದ್ದಾರೆ. ಓದಿದಿರಿ, ಅರ್ಥವಾಯಿತು, ತಲೆ ಎತ್ತಿದಿರಿ, ಮತ್ತೆ ಉಬ್ಬಿದ ಮುಖವೇ. ತಿಳಿದ ಮೇಲೂ ಹೋಗದ ಭ್ರಮೆಗಳು ಇವೆ. ಇಷ್ಟು ದೊಡ್ಡ ಸಂಗತಿಯನ್ನು ಒಂದು ಮಗು ತನ್ನ ಕಣ್ಣಿಂದಲೇ ಕಂಡುಕೊಳ್ಳಬಹುದಾದ ಜಾಗ ಇದು. ಅಲ್ಲಿ ನಾವು 'ಬೇಗ ಬಾ, ಮುಂದೆ ಇನ್ನೂ ಫೋಟೋ ಇದೆ' ಅಂತ ಕೈ ಹಿಡಿದು ಎಳೆದುಕೊಂಡು ಹೋಗುತ್ತೇವೆ. ಬೇಡ ಕಣ್ರೀ. ಅಲ್ಲಿ ನಿಲ್ಲಲು ಬಿಡಿ.

ಈಗ ಎಡಿನ್‌ಬರ್ಗ್‌ನ ಆ ಕಟ್ಟಡದ ತುದಿಗೆ ಬನ್ನಿ. ಮ್ಯೂಸಿಯಂಗೆ ಹೆಸರು ಕೊಟ್ಟ ಕ್ಯಾಮೆರಾ ಅಬ್ಸ್ಕ್ಯೂರಾ ಇರುವುದು ಇಲ್ಲಿ. ಕತ್ತಲ ಕೋಣೆ, ನಡುವೆ ದುಂಡನೆಯ ಬಿಳಿ ಮೇಜು, ಸುತ್ತ ನಾವು. ಸೂರಿನ ಮೇಲೆ ಒಂದು ಕನ್ನಡಿ, ಅದರ ಕೆಳಗೆ ಲೆನ್ಸುಗಳು. ಹೊರಗಿನ ಊರು ಹಾಗೇ ಆ ಮೇಜಿನ ಮೇಲೆ ಬಂದು ಬೀಳುತ್ತದೆ. ವಿಡಿಯೋ ಅಲ್ಲ, ಕರೆಂಟು ಬೇಕಿಲ್ಲ, ಬರೀ ಬೆಳಕು. ಗೈಡ್ ಕನ್ನಡಿ ತಿರುಗಿಸಿದಂತೆ ಕೋಟೆ ಬರುತ್ತದೆ, ಚರ್ಚಿನ ಶಿಖರ ಬರುತ್ತದೆ, ರಸ್ತೆಯಲ್ಲಿ ನಡೆಯುತ್ತಿರುವ ಜನ ಬರುತ್ತಾರೆ. ಆಮೇಲೆ ನಿಮ್ಮ ಕೈಗೆ ಒಂದು ಬಿಳಿ ಕಾಗದ ಕೊಡುತ್ತಾರೆ. ಮೇಜಿನ ಮೇಲೆ ನಡೆಯುತ್ತಿರುವ ಒಬ್ಬರ ಕಾಲ ಬಳಿ ಅದನ್ನು ಇಟ್ಟು ಮೆಲ್ಲಗೆ ಎತ್ತಿ. ಆ ಮನುಷ್ಯ ಕಾಗದದ ಮೇಲೆ ಹತ್ತಿ ಬರುತ್ತಾನೆ, ಹಾಗೇ ನಡೆಯುತ್ತಿರುತ್ತಾನೆ! ಕಾಗದ ಕಮಾನಿನಂತೆ ಬಗ್ಗಿಸಿದರೆ ಕಾರುಗಳು ಸೇತುವೆ ಹತ್ತಿ ಇಳಿಯುತ್ತವೆ. ರಸ್ತೆಯಲ್ಲಿರುವವರಿಗೆ ಇದ್ಯಾವುದರ ಸುಳಿವೂ ಇಲ್ಲ.

ಇದನ್ನು ನೋಡಿದ ಕನ್ನಡಿಗರಿಗೆ ಹಂಪಿ ನೆನಪಾಗದೇ ಇರದು. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಸಣ್ಣ ಕತ್ತಲ ಕೋಣೆಯಲ್ಲಿ, ಸುಮಾರು 50 ಮೀಟರ್ ಎತ್ತರದ ರಾಜಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದಲ್ಲ, ಅದರ ಹಿಂದಿರುವ ತತ್ವವೂ ಇದೇ. ಬೆಳಕು ನೆಟ್ಟಗೆ ಹೋಗುತ್ತದೆ. ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಬೀಳುತ್ತದೆ. ಲೆನ್ಸೂ ಇಲ್ಲ, ಕನ್ನಡಿಯೂ ಇಲ್ಲ, ಒಂದು ಕಿಂಡಿ ಅಷ್ಟೇ. ಅಲ್ಲಿಯೂ ಎಷ್ಟೋ ಜನ ಬಂದ ತಕ್ಷಣ ಫೋನ್ ಎತ್ತುತ್ತಾರೆ, ಫ್ಲ್ಯಾಶ್ ಹೊಡೆಯುತ್ತದೆ, ಗೋಪುರ ಅಳಿಸಿಹೋಗುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಗೋಡೆ ನೋಡುತ್ತಾ ನಿಂತರೆ ಅಂಚುಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ.

ಎಡಿನ್‌ಬರ್ಗ್‌ನ ಕಥೆಗೆ ಬಳ್ಳಾರಿಯ ಕಡೆಯ ಇನ್ನೊಂದು ನಂಟೂ ಇದೆ. ಮರಿಯಾ ಥೆರೆಸಾ ಶಾರ್ಟ್ ಅನ್ನುವ ಹೆಂಗಸು 1835ರಲ್ಲಿ ಜನಸಾಮಾನ್ಯರಿಗೆ ಅಂತ ಒಂದು ವೀಕ್ಷಣಾಲಯ ತೆರೆದು, ಆಮೇಲೆ ಈಗಿನ ಜಾಗಕ್ಕೆ ತಂದರು. 1892ರಲ್ಲಿ ಅದು ಪ್ಯಾಟ್ರಿಕ್ ಗೆಡ್ಡೆಸ್ ಕೈಗೆ ಬಂತು. ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದು, ನಗರ ಯೋಜನೆಗೆ ಬಂದವರು. ಅವರು 1914ರಲ್ಲಿ ಭಾರತಕ್ಕೆ ಬಂದು, ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದರು. ಆಗ ಬಳ್ಳಾರಿ ಆ ಪ್ರಾಂತ್ಯದಲ್ಲಿತ್ತು, ವರದಿಯಲ್ಲಿ ಬಳ್ಳಾರಿಯೂ ಇದೆ. ಊರನ್ನು ಮೊದಲು ಓಡಾಡಿ ಕಣ್ಣಾರೆ ನೋಡು, ಆಮೇಲೆ ಯೋಜನೆ ಮಾಡು ಅನ್ನುವುದು ಅವರ ಪಟ್ಟು.

ಎಡಿನ್‌ಬರ್ಗ್‌ನ ಆ ಕಟ್ಟಡವನ್ನು ಗೆಡ್ಡೆಸ್ ನಡೆಸಿದ ರೀತಿ ನನಗೆ ತುಂಬಾ ಇಷ್ಟ. ಬಂದವರನ್ನು ಮೊದಲು ಸೀದಾ ಮೇಲಕ್ಕೆ ಕಳಿಸುತ್ತಿದ್ದರು. ಮೇಜಿನ ಮೇಲೆ ಊರು ನೋಡಿ, ತಾರಸಿಯಿಂದ ಅದೇ ಊರನ್ನು ಬರಿಗಣ್ಣಲ್ಲಿ ನೋಡಿ. ಆಮೇಲೆ ಒಂದು ಪುಟ್ಟ ಕೋಣೆ. ಅದರಲ್ಲಿ ಒಂದು ಕುರ್ಚಿ ಬಿಟ್ಟು ಬೇರೇನೂ ಇಲ್ಲ. ಕೂತು, ನೋಡಿದ್ದನ್ನು ಯೋಚಿಸಲು ಮಾಡಿದ ಜಾಗ. ಅದಾದ ಮೇಲೆ ಒಂದೊಂದೇ ಮಹಡಿ ಇಳಿಯುತ್ತಾ ಎಡಿನ್‌ಬರ್ಗ್, ಸ್ಕಾಟ್ಲೆಂಡ್, ಯುರೋಪ್, ಜಗತ್ತು ಅಂತ ಪ್ರದರ್ಶನಗಳು.

ಇವತ್ತು ಇಂಥ ಮ್ಯೂಸಿಯಂ ಕಟ್ಟುವವರನ್ನು ನಾನು ಕೇಳುವುದು ಆ ಒಂದು ಕುರ್ಚಿಯನ್ನೇ. ಜೊತೆಗೆ ಏಮ್ಸ್ ಕೋಣೆಗೆ ಕಿಂಡಿ ವಾಪಸ್ ಕೊಡಿ. ಓರೆ ಗೋಡೆಯ ರಹಸ್ಯ ಬಿಡಿಸಿ ತೋರಿಸುವ ಒಂದು ಸಣ್ಣ ಮಾದರಿ ಪಕ್ಕದಲ್ಲಿಡಿ. ಕರ್ನಾಟಕದಲ್ಲಿ ತೆರೆಯುವುದಾದರೆ ವಿವರಣೆ ಕನ್ನಡದಲ್ಲೂ ಇರಲಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1965ರಲ್ಲಿ ಮೊದಲ ಗ್ಯಾಲರಿ ತೆರೆದಾಗಿನಿಂದ ಮಕ್ಕಳ ಕೈಗೆ ಗುಂಡಿ, ಹಿಡಿಕೆ ಕೊಟ್ಟು 'ನೀನೇ ಮಾಡಿ ನೋಡು' ಅನ್ನುತ್ತಾ ಬಂದಿದೆ. ನಮ್ಮಲ್ಲಿ ಆ ಪರಂಪರೆ ಇಲ್ಲದೇ ಇಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಜನ ಕಡಿಮೆ. ಮೊದಲ ಸುತ್ತು ಫೋನ್ ಇಲ್ಲದೆ, ಎರಡನೇ ಸುತ್ತು ಫೋಟೋಗೆ. ತಲೆಸುತ್ತು ಇರುವವರು ತಿರುಗುವ ಸುರಂಗ ಬಿಟ್ಟುಬಿಡಿ, ಪಕ್ಕದಲ್ಲಿ ಬೇರೆ ದಾರಿ ಇದೆಯೇ ಅಂತ ಸಿಬ್ಬಂದಿಯನ್ನು ಕೇಳಿ. ಮಕ್ಕಳು ಒಂದೇ ಕಡೆ ಬಹಳ ಹೊತ್ತು ನಿಂತರೆ ಅವಸರ ಮಾಡಬೇಡಿ. ಎಡಿನ್‌ಬರ್ಗ್‌ಗೆ ಹೋದರೆ ಬೆಳಕು ಚೆನ್ನಾಗಿರುವ ಹೊತ್ತು ನೋಡಿಕೊಂಡು ಮೇಲೆ ಹತ್ತಿ, ಮೋಡ ದಟ್ಟವಾಗಿದ್ದರೆ ಮೇಜಿನ ಮೇಲಿನ ಊರು ಮಂಕಾಗುತ್ತದೆ. ಹಂಪಿಗೂ ಬಿಸಿಲಿರುವಾಗಲೇ ಹೋಗಿ, ಫ್ಲ್ಯಾಶ್ ಆಫ್ ಮಾಡಿರಿ.